ಮುಖ ನೋಡದ ರೈಲು, ಮುಖ ನೋಡುವ ಮನೆ ಮಾಲೀಕ

ಜಪಾನಿನಲ್ಲಿ ಸುಮಾರು 90 ಲಕ್ಷ ಮನೆಗಳು ಖಾಲಿ ಬಿದ್ದಿವೆ. 2023ರ ಸರ್ಕಾರಿ ಗಣತಿಯ ಲೆಕ್ಕ ಇದು. ಏಳು ಮನೆಗೆ ಒಂದರಂತೆ ಬೀಗ. ಅದರಲ್ಲಿ ಅರ್ಧದಷ್ಟು ಬಾಡಿಗೆಗೆಂದೇ ಇಟ್ಟಿರುವವು. ಆದರೂ ಟೋಕಿಯೊಗೋ ಒಸಾಕಾಗೋ ಕೆಲಸಕ್ಕೆಂದು ಹೋದ ವಿದೇಶಿಯರು ಮೊದಲು ತೋಡಿಕೊಳ್ಳುವುದು ಮನೆ ಸಿಗದ ಸಂಕಟವನ್ನು. 2016ರ ಕೊನೆಯಲ್ಲಿ ಅಲ್ಲಿನ ನ್ಯಾಯ ಸಚಿವಾಲಯವೇ ವಿದೇಶಿ ನಿವಾಸಿಗಳ ಸಮೀಕ್ಷೆ ಮಾಡಿಸಿತ್ತು. ಉತ್ತರಿಸಿದವರು 4,252 ಮಂದಿ. ಅವರಲ್ಲಿ ಹಿಂದಿನ ಐದು ವರ್ಷಗಳಲ್ಲಿ ಮನೆ ಹುಡುಕಿದವರ ಪೈಕಿ ಶೇ 39ರಷ್ಟು ಜನ, ವಿದೇಶಿ ಎಂಬ ಕಾರಣಕ್ಕೇ ತಮಗೆ ಮನೆ ಕೊಡಲಿಲ್ಲ ಎಂದಿದ್ದರು.

ಇದೇ ಜನರ ಎದುರು ರೈಲಿನ ಮಾತೆತ್ತಿ ನೋಡಿ, ಮುಖ ಅರಳುತ್ತದೆ. ಆಸ್ಪತ್ರೆಯ ಬಿಲ್ಲು, ಕಳೆದ ಪರ್ಸು ವಾಪಸ್ ಸಿಕ್ಕಿದ್ದು, ಆರು ವರ್ಷದ ಮಗಳು ಒಬ್ಬಳೇ ಶಾಲೆಗೆ ನಡೆದು ಹೋಗುವುದು – ಹೊಗಳಿಕೆ ನಿಲ್ಲುವುದೇ ಇಲ್ಲ. ಮನೆ ಸಿಗದ ಸಿಟ್ಟೂ ಈ ಮೆಚ್ಚುಗೆಯೂ ಒಂದೇ ಬಾಯಲ್ಲಿ ಹೇಗೆ ಬರುತ್ತವೆ?

ನಮ್ಮಲ್ಲಿ 'ಮುಖ ನೋಡಿ ಮಣೆ ಹಾಕುವುದು' ಎನ್ನುತ್ತೇವಲ್ಲ, ಉತ್ತರ ಅದರಲ್ಲೇ ಇದೆ ಎಂದು ನನಗನಿಸುತ್ತದೆ. ಜಪಾನಿನ ರೈಲು ಮುಖ ನೋಡುವುದಿಲ್ಲ. ಆರೋಗ್ಯ ವಿಮೆ ನೋಡುವುದಿಲ್ಲ. ಕೊರಿಯರ್ ಲಾರಿ ನೋಡುವುದಿಲ್ಲ. ಅಲ್ಲೆಲ್ಲ ಬಂದವರಿಗೆಲ್ಲ ಒಂದೇ ಮಣೆ. ಹೌದು-ಇಲ್ಲ ಎನ್ನುವ ಅಧಿಕಾರ ಒಬ್ಬ ಮನುಷ್ಯನ ಕೈಗೆ ಬಂದ ಜಾಗದಲ್ಲಿ ಮಾತ್ರ ವಿದೇಶಿಯ ಕಾಲು ತೊಡರುತ್ತದೆ.

ಮೆಚ್ಚಿಕೊಂಡವರ ಮಾತು

ರೈಲಿನ ಕಥೆ ಎಲ್ಲರಿಗೂ ಗೊತ್ತಿರುವುದೇ. 1964ರ ಅಕ್ಟೋಬರ್ 1ರಂದು ಶಿಂಕಾನ್‌ಸೆನ್ ಬುಲೆಟ್ ರೈಲು ಓಡಲು ಶುರು ಮಾಡಿದಾಗಿನಿಂದ ಹಳಿ ತಪ್ಪಿಯೋ ಡಿಕ್ಕಿ ಹೊಡೆದೋ ಒಬ್ಬ ಪ್ರಯಾಣಿಕನೂ ಸತ್ತಿಲ್ಲ. 2017ರ ನವೆಂಬರಿನಲ್ಲಿ ತ್ಸುಕುಬಾ ಎಕ್ಸ್‌ಪ್ರೆಸ್ ರೈಲೊಂದು 20 ಸೆಕೆಂಡು ಮುಂಚೆ ಹೊರಟಿತೆಂದು ಕಂಪನಿ ಕ್ಷಮೆ ಕೇಳಿದ್ದು ಜಗತ್ತಿನ ಪತ್ರಿಕೆಗಳಿಗೆಲ್ಲ ಸುದ್ದಿಯಾಗಿತ್ತು. ಆದರೆ ಅಲ್ಲೇ ಬದುಕುವವರು ಹೇಳುವುದು ಈ ದಾಖಲೆಗಳನ್ನಲ್ಲ. ರೈಲು ತಡವಾದರೆ ನಿಲ್ದಾಣದಲ್ಲಿ ಕೊಡುವ ಪುಟ್ಟ ವಿಳಂಬ ಪತ್ರದ ಬಗ್ಗೆ ಹೇಳುತ್ತಾರೆ. ಅದನ್ನು ಆಫೀಸಿನಲ್ಲಿ ತೋರಿಸಿದರೆ ತಡವಾದದ್ದಕ್ಕೆ ಬೈಗುಳವಿಲ್ಲ. ತಪ್ಪು ನಿನ್ನದಲ್ಲ ಎಂದು ರೈಲ್ವೆಯೇ ಬರೆದುಕೊಡುವ ದೇಶ.

ಕಳೆದ ವಸ್ತುಗಳದು ಇದಕ್ಕಿಂತ ಸ್ವಾರಸ್ಯದ ಕಥೆ. ಟೋಕಿಯೊ ಪೊಲೀಸರ ಕೈಗೆ ವರ್ಷಕ್ಕೆ 40 ಲಕ್ಷಕ್ಕೂ ಹೆಚ್ಚು ವಸ್ತುಗಳು ಬಂದು ಸೇರುತ್ತವೆ: ಕೊಡೆ, ಫೋನು, ಹಲ್ಲಿನ ಸೆಟ್ಟು, ನೋಟು ತುಂಬಿದ ಲಕೋಟೆ. ಇದನ್ನು ಜಪಾನಿಯರ ಹುಟ್ಟುಗುಣವೆಂದು ಹೊಗಳಿ ಕೈತೊಳೆದುಕೊಳ್ಳುವವರೇ ಹೆಚ್ಚು. ಆದರೆ ಅದರ ಹಿಂದೆ ಕಾನೂನಿನ ಕೈಚಳಕವೂ ಇದೆ. ಸಿಕ್ಕಿದ್ದನ್ನು ತಂದೊಪ್ಪಿಸಿದವರಿಗೆ ಅದರ ಬೆಲೆಯ ಶೇ 5ರಿಂದ 20ರವರೆಗೆ ಇನಾಮು ಕೇಳುವ ಹಕ್ಕಿದೆ. ಮೂರು ತಿಂಗಳಾದರೂ ವಾರಸುದಾರ ಬಾರದಿದ್ದರೆ ವಸ್ತು ಸಾಮಾನ್ಯವಾಗಿ ಸಿಕ್ಕಿದವರಿಗೇ ಸೇರುತ್ತದೆ. ಜತೆಗೆ ನಡೆದು ಹೋಗುವಷ್ಟು ದೂರದಲ್ಲೇ ಕೋಬಾನ್ ಎಂಬ ಪುಟ್ಟ ಪೊಲೀಸ್ ಚೌಕಿ. ಪ್ರಾಮಾಣಿಕತೆಗೆ ದಾರಿ ಸುಲಭ ಮಾಡಿಕೊಟ್ಟರೆ ಜನ ಪ್ರಾಮಾಣಿಕರಾಗಿರಲು ಅಡ್ಡಿಯೇನೂ ಇಲ್ಲ.

ಆರೋಗ್ಯ ವಿಮೆಗೆ ಮೂರು ತಿಂಗಳು ಮೀರಿ ನೆಲೆಸುವ ಪ್ರತಿ ವಿದೇಶಿಯೂ ಸೇರಲೇಬೇಕು. ಆಮೇಲೆ ಚಿಕಿತ್ಸೆಯ ವೆಚ್ಚದಲ್ಲಿ ಶೇ 30 ಮಾತ್ರ ರೋಗಿಯದು. ತಿಂಗಳ ಖರ್ಚು ಒಂದು ಮಿತಿ ದಾಟಿದರೆ, ಆದಾಯಕ್ಕೆ ತಕ್ಕಂತೆ ಅದಕ್ಕೂ ತಡೆ. ಅಮೆರಿಕದಿಂದ ಬಂದವರು ಈ ವಿಷಯ ಹೇಳುವಾಗ ದನಿ ಬೇರೆಯಾಗುತ್ತದೆ. ಮೂಲೆಮೂಲೆಯಲ್ಲೂ ಇರುವ ಕೊಂಬಿನಿ ಎಂಬ ದಿನಬಳಕೆಯ ಅಂಗಡಿ ಇನ್ನೊಂದು ಪ್ರೀತಿ. 1974ರಲ್ಲಿ ಟೋಕಿಯೊದ ತೊಯೊಸುವಿನಲ್ಲಿ ದೇಶದ ಮೊದಲ ಸೆವೆನ್-ಇಲೆವೆನ್ ತೆರೆಯಿತು. ಈಗ ಇಂಥ ಅಂಗಡಿಗಳು ದೇಶದಲ್ಲಿ 55 ಸಾವಿರ ದಾಟಿವೆ. ರಾತ್ರಿ ಎರಡಕ್ಕೆ ವಿದ್ಯುತ್ ಬಿಲ್ಲು ಕಟ್ಟಿ, ಬಿಸಿ ಕಾಫಿ ಹಿಡಿದು ಬರಬಹುದು. ಗಲ್ಲಾದಲ್ಲಿ ನಿಂತ ಹುಡುಗ ಹಲವು ಕಡೆ ನೇಪಾಳದವನೋ ವಿಯೆಟ್ನಾಮಿನವನೋ ಆಗಿರುತ್ತಾನೆ. ವಿದ್ಯಾರ್ಥಿ ವೀಸಾದವರು, ದೀರ್ಘ ರಜೆ ಬಿಟ್ಟರೆ, ವಾರಕ್ಕೆ 28 ಗಂಟೆ ಮೀರಿ ದುಡಿಯುವಂತಿಲ್ಲ. ಕಾಲೇಜಿನ ಖರ್ಚು, ಊರಿನ ಸಾಲ ಎಲ್ಲವನ್ನೂ ಆತ ಆ 28 ಗಂಟೆಗಳ ದುಡಿಮೆಯಲ್ಲೇ ಹೊಂದಿಸಬೇಕು.

ಮಕ್ಕಳಿರುವವರು ಜಪಾನನ್ನು ನೋಡುವ ಕಣ್ಣೇ ಬೇರೆ. ಒಂದನೇ ತರಗತಿಯ ಮಕ್ಕಳು ಹಳದಿ ಟೊಪ್ಪಿ ಹಾಕಿ, ಬೆನ್ನಿಗೆ ರಾಂದೊಸೆರು ಎಂಬ ಗಟ್ಟಿ ಚರ್ಮದ ಚೀಲ ಏರಿಸಿ, ಸಾಲಾಗಿ ನಡೆದು ಶಾಲೆಗೆ ಹೋಗುತ್ತವೆ. ದಾರಿಯ ಕೆಲವು ಮನೆ, ಅಂಗಡಿಗಳ ಬಾಗಿಲಲ್ಲಿ ಒಂದು ಸ್ಟಿಕರ್; ಹೆದರಿಕೆಯಾದರೆ ಇಲ್ಲಿಗೆ ಓಡಿ ಬರಬಹುದು ಎಂದು ಅದರ ಅರ್ಥ. ಮಧ್ಯಾಹ್ನದ ಊಟವನ್ನು ಮಕ್ಕಳೇ ಬಿಳಿ ಮೇಲಂಗಿ ತೊಟ್ಟು ಬಡಿಸುತ್ತಾರೆ, ಆಮೇಲೆ ತರಗತಿಯನ್ನು ತಾವೇ ಗುಡಿಸಿ ಒರೆಸುತ್ತಾರೆ. ಸಂಜೆ ಐದರ ಹೊತ್ತಿಗೆ ಊರಿನ ಧ್ವನಿವರ್ಧಕಗಳಲ್ಲಿ ಒಂದು ರಾಗ ಕೇಳುತ್ತದೆ. ಆಡುತ್ತಿರುವ ಮಕ್ಕಳಿಗೆ ಮನೆಗೆ ಹೊರಡಲು ಅದು ಸೂಚನೆ. ಅಸಲಿಗೆ ಅದು ಭೂಕಂಪದಂಥ ವಿಪತ್ತಿನ ಎಚ್ಚರಿಕೆ ಕೊಡುವ ಯಂತ್ರಗಳು ಕೆಲಸ ಮಾಡುತ್ತಿವೆಯೇ ಎಂದು ದಿನವೂ ನಡೆಯುವ ಪರೀಕ್ಷೆ. ಸ್ಕೂಲ್ ವ್ಯಾನಿನ ಡ್ರೈವರನ ನಂಬರು ಫೋನಿನಲ್ಲಿಟ್ಟುಕೊಂಡು ಬೆಂಗಳೂರಿನ ಸಿಗ್ನಲ್ಲಿನಲ್ಲಿ ಜೀವ ಹಿಡಿದು ಕಾಯುವ ತಾಯಿಗೆ ಇದನ್ನು ನೋಡಿ ಮೊದಲ ವಾರ ದಿಗಿಲು, ಎರಡನೇ ತಿಂಗಳಿಗೆ ನಿರಾಳ.

ಆದರೆ ಶಾಲೆಯಲ್ಲೂ ಒಂದು ಬಿರುಕಿದೆ. ಕಡ್ಡಾಯ ಶಿಕ್ಷಣದ ಕಾನೂನು ಜಪಾನಿ ಪ್ರಜೆಗಳ ಮಕ್ಕಳಿಗೆ ಮಾತ್ರ. ವಿದೇಶಿ ಮಗು ಬಂದರೆ ಶಾಲೆ ಸೇರಿಸಿಕೊಳ್ಳುತ್ತದೆ. ಬಾರದಿದ್ದರೆ ಕರೆತರುವ ಹೊಣೆ ಕಾನೂನಿನ ಪ್ರಕಾರ ಯಾರ ಮೇಲೂ ಇಲ್ಲ. 2019ರಲ್ಲಿ ಶಿಕ್ಷಣ ಸಚಿವಾಲಯ ಮೊದಲ ಸಲ ಎಣಿಸಿದಾಗ 19 ಸಾವಿರಕ್ಕೂ ಹೆಚ್ಚು ವಿದೇಶಿ ಮಕ್ಕಳು ಶಾಲೆಯಿಂದ ಹೊರಗಿರಬಹುದು ಎಂದು ಗೊತ್ತಾಯಿತು.

ಬಾಗಿಲು, ಗೋಡೆ, ಚಳಿ

ಮನೆ ಏಜೆಂಟನ ಕಚೇರಿಯಲ್ಲಿ ನಡೆಯುವುದು ಹೀಗೆ. ಆತ ಬಾಗಿ ನಮಸ್ಕರಿಸಿ ಕೂರಿಸುತ್ತಾನೆ, ಹಸಿರು ಚಹಾ ತರಿಸುತ್ತಾನೆ, ಕಂಪ್ಯೂಟರಿನಲ್ಲಿ ಹತ್ತಾರು ಮನೆ ತೋರಿಸುತ್ತಾನೆ. ಮೆಚ್ಚಿದ ಮನೆಯ ಮಾಲೀಕರಿಗೆ ಎದುರಿಗೇ ಫೋನ್ ಮಾಡುತ್ತಾನೆ. ಬಂದವರು ವಿದೇಶಿಯರು, ಆದರೆ ಭಾಷೆ ಬರುತ್ತದೆ, ಒಳ್ಳೆಯ ಕಂಪನಿಯಲ್ಲಿದ್ದಾರೆ ಎಂದು ಅವರ ಪರವಾಗಿ ವಾದವನ್ನೂ ಮಾಡುತ್ತಾನೆ. ಫೋನಿಟ್ಟ ಮೇಲೆ ಹಲ್ಲಿನ ಸಂದಿಯಿಂದ ಉಸಿರೆಳೆದುಕೊಂಡು ತಲೆ ಬಗ್ಗಿಸುತ್ತಾನೆ. ಕೆಟ್ಟ ಮಾತಿಲ್ಲ, ಜಗಳವಿಲ್ಲ. ಮುಂದಿನ ಮನೆ ನೋಡೋಣ ಎನ್ನುತ್ತಾನೆ.

ಮಾಲೀಕರ ಕಡೆಯಿಂದಲೂ ಕಾರಣಗಳಿವೆ. ಕಸ ವಿಂಗಡಿಸಲು ಬರುವುದಿಲ್ಲ, ಗಲಾಟೆ ಮಾಡುತ್ತಾರೆ, ಬಾಡಿಗೆ ಬಾಕಿಯಿಟ್ಟು ದೇಶ ಬಿಟ್ಟು ಹೋಗುತ್ತಾರೆ ಎಂಬ ಭಯ. ಅದಕ್ಕೇ ಜಾಮೀನು ನಿಲ್ಲಲು ಜಪಾನಿ ಪ್ರಜೆ ಬೇಕು, ಇಲ್ಲವೇ ಜಾಮೀನು ಕಂಪನಿಗೆ ದುಡ್ಡು ಕಟ್ಟಬೇಕು. ಮೇಲೆ ಶಿಕಿಕಿನ್ ಎಂಬ ಠೇವಣಿ, ಏಜೆಂಟನ ಕಮಿಷನ್, ಜತೆಗೆ ರೇಯ್ಕಿನ್ ಎಂಬ 'ಕೃತಜ್ಞತೆಯ ಹಣ'. ಎಲ್ಲ ಸೇರಿ ನಾಲ್ಕೈದು ತಿಂಗಳ ಬಾಡಿಗೆಯಷ್ಟು ಹಣ ಒಟ್ಟಿಗೆ ಕೈಬಿಡುವುದುಂಟು. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ಕಂಡವರಿಗೆ ಮೊತ್ತ ದೊಡ್ಡದೆನಿಸದು. ಆದರೆ ನಮ್ಮ ಅಡ್ವಾನ್ಸು ಸುಣ್ಣಬಣ್ಣದ ಲೆಕ್ಕ ಕಳೆದಾದರೂ ಕೈಗೆ ಬರುತ್ತದೆ. ರೇಯ್ಕಿನ್ ಹೋದದ್ದು ಹೋಯಿತು. ಹಾಗೆಂದು ನಾವು ಬೆನ್ನು ತಟ್ಟಿಕೊಳ್ಳುವಂತಿಲ್ಲ. ಜಾತಿ ಕೇಳಿ, ಮೊಟ್ಟೆ ತಿನ್ನುತ್ತೀರಾ ಎಂದು ಕೇಳಿ ಮನೆ ಕೊಡುವವರು ಮಲ್ಲೇಶ್ವರದಲ್ಲೂ ಇದ್ದಾರೆ, ಜಯನಗರದಲ್ಲೂ.

ಟೋಕಿಯೊದ ನಿಶಿ-ಕಸಾಯ್ 'ಲಿಟಲ್ ಇಂಡಿಯಾ' ಆದದ್ದರ ಹಿಂದೆ ಈ ಬಾಗಿಲುಗಳ ಕಥೆಯೂ ಇದೆ. 2000ದ ಹೊತ್ತಿಗೆ ವೈ2ಕೆ ಎಂಬ ಕಂಪ್ಯೂಟರ್ ದೋಷ ಸರಿಪಡಿಸುವ ಕೆಲಸಕ್ಕೆ ಭಾರತದ ಸಾಫ್ಟ್‌ವೇರ್ ಎಂಜಿನಿಯರುಗಳು ಬಂದಿಳಿದರು. ಹಣಕಾಸು ಕಚೇರಿಗಳಿರುವ ಒತೆಮಾಚಿಗೆ ಅಲ್ಲಿಂದ ತೋಝಾಯ್ ಮಾರ್ಗದಲ್ಲಿ ನೇರ ರೈಲು. ಜತೆಗೆ ಯುಆರ್ ಎಂಬ ಅರೆ-ಸರ್ಕಾರಿ ಸಂಸ್ಥೆಯ ದೊಡ್ಡ ವಸತಿ ಸಮುಚ್ಚಯಗಳು. ಅಲ್ಲಿ ರೇಯ್ಕಿನ್ ಇಲ್ಲ, ಜಾಮೀನು ಬೇಕಿಲ್ಲ. ಆದಾಯದ ಕಾಗದ ಸರಿಯಿದ್ದರೆ, ಮೊದಲು ಬಂದವರಿಗೆ ಮೊದಲ ಮನೆ. ಮುಖ ನೋಡದ ಬಾಗಿಲಿನ ಮುಂದೆ ಜನ ತಾವಾಗಿಯೇ ಸೇರಿದರು. ಇನ್ನು ಕೆಲವರು ಬಾಡಿಗೆಯ ಗೊಡವೆಯೇ ಬೇಡವೆಂದು, ಕಾಯಂ ವಾಸದ ಅನುಮತಿ ಸಿಕ್ಕಿದ್ದೇ 35 ವರ್ಷದ ಸಾಲ ಎತ್ತಿ ಸ್ವಂತ ಮನೆ ಕೊಂಡುಬಿಡುತ್ತಾರೆ. ಬಡ್ಡಿಯೂ ನಮ್ಮ ಬ್ಯಾಂಕುಗಳ ಹೋಲಿಕೆಯಲ್ಲಿ ತೀರಾ ಕಡಿಮೆ.

ಮನೆ ಸಿಕ್ಕಿದರೂ ದೂರು ಮುಗಿಯುವುದಿಲ್ಲ. ಕೆನಡಾ, ಸ್ವೀಡನ್‌ಗಳ ಹಿಮದಿಂದ ಬಂದವರೂ ಟೋಕಿಯೊದ ಚಳಿಗಾಲಕ್ಕೆ ನಡುಗುತ್ತಾರೆ ಎಂದರೆ ನಂಬಬೇಕು. ಹೊರಗಿನ ಚಳಿಗಲ್ಲ, ಮನೆಯೊಳಗಿನ ಚಳಿಗೆ. ತೆಳು ಗೋಡೆ, ಒಂಟಿ ಗಾಜಿನ ಕಿಟಕಿ, ಇಡೀ ಮನೆ ಬೆಚ್ಚಗಿಡುವ ಏರ್ಪಾಡು ಇಲ್ಲ. ಕಂಬಳಿ ಹೊದಿಸಿದ ಬಿಸಿ ಮೇಜು ಕೊತಾತ್ಸುವಿನೊಳಗೆ ಕಾಲು ತೂರಿಸಿ ಕೂತರೆ ಸ್ವರ್ಗ, ಬಚ್ಚಲಿಗೆ ಏಳಬೇಕಾದರೆ ಶಿಕ್ಷೆ. ಈ ದೂರು ಹೊಸದಲ್ಲ. 1890ರಲ್ಲಿ ಬಂದು ಮಾತ್ಸುಎ ಊರಿನ ಮೋಡಿಗೆ ಬಿದ್ದ ಲೇಖಕ ಲಾಫ್‌ಕಾಡಿಯೊ ಹರ್ನ್ ಅಲ್ಲಿನ ಮೊದಲ ಚಳಿಗಾಲಕ್ಕೇ ಕಾಯಿಲೆ ಬಿದ್ದು, ಮುಂದಿನ ವರ್ಷ ಇನ್ನಷ್ಟು ದಕ್ಷಿಣದ ಕುಮಾಮೊತೊಗೆ ಹೊರಟುಹೋದರು. ಹೊಸದಾಗಿ ಕಟ್ಟುವ ಎಲ್ಲ ಮನೆಗಳೂ ಶಾಖ ತಡೆಯುವ ಮಾನದಂಡ ಪಾಲಿಸಬೇಕೆಂಬ ನಿಯಮ ಕಡ್ಡಾಯವಾದದ್ದು 2025ರ ಏಪ್ರಿಲಿನಲ್ಲಿ. ಹರ್ನ್ ಕೆಮ್ಮಿ ಒಂದು ಶತಮಾನ ಮೀರಿತ್ತು.

ಚಳಿ ಮುಗಿಯುವಷ್ಟರಲ್ಲಿ ಸೀನು ಶುರು. ಎರಡನೇ ಮಹಾಯುದ್ಧದ ನಂತರ ಮರಮುಟ್ಟಿಗೆಂದು ಬೆಟ್ಟಗಳ ತುಂಬ ಸುಗಿ ಎಂಬ ಮರ ನೆಟ್ಟರು. ಆಮೇಲೆ ಅಗ್ಗದ ಮರ ಹೊರದೇಶಗಳಿಂದ ಬಂತು, ನೆಟ್ಟದ್ದನ್ನು ಕಡಿಯುವವರಿಲ್ಲ. ಫೆಬ್ರುವರಿ ಬಂತೆಂದರೆ ಅವುಗಳ ಪರಾಗ ಊರನ್ನೆಲ್ಲ ಮುತ್ತುತ್ತದೆ. ಮೊದಲ ಕೆಲವು ವರ್ಷ ಏನೂ ಆಗದೆ ನಗುತ್ತಿದ್ದ ವಿದೇಶಿಯೂ ಒಂದು ವಸಂತದಲ್ಲಿ ಕಣ್ಣುಜ್ಜಿಕೊಂಡು ಔಷಧಿ ಅಂಗಡಿಯ ಸಾಲಿನಲ್ಲಿ ನಿಲ್ಲುತ್ತಾನೆ. ಇಲ್ಲಿ ಮಾತ್ರ ದೇಶೀಯ-ವಿದೇಶೀಯ ಭೇದವಿಲ್ಲ.

ಕಸದ ವಿಷಯ ಬರೆದರೆ ಅದೇ ಒಂದು ಲೇಖನವಾದೀತು. ಸುಡುವ ಕಸ, ಸುಡದ ಕಸ, ಪ್ಲಾಸ್ಟಿಕ್, ಬಾಟಲಿ, ಒಂದೊಂದಕ್ಕೂ ಒಂದೊಂದು ದಿನ. ತೊಕುಶಿಮಾ ಪ್ರಾಂತ್ಯದ ಕಾಮಿಕಾತ್ಸು ಎಂಬ ಪುಟ್ಟ ಊರಿನಲ್ಲಂತೂ 40ಕ್ಕೂ ಹೆಚ್ಚು ಬಗೆ. ತಪ್ಪು ದಿನ ಇಟ್ಟ ಚೀಲಕ್ಕೆ ಸ್ಟಿಕರ್ ಅಂಟಿಸಿ ಅಲ್ಲೇ ಬಿಟ್ಟು ಹೋಗುತ್ತಾರೆ. ಅದು ಯಾರದ್ದೆಂದು ಊಹಿಸುವಾಗ ನೆರೆಯವರ ಕಣ್ಣು ಹೋಗುವುದು ವಿದೇಶಿಯ ಬಾಗಿಲಿಗೇ.

ಹೆಸರಿನ ಪಜೀತಿ, ಸಾರಿನ ಮೀನು

ಎಲ್ಲ ನಿಯಮವೂ ಪ್ರೀತಿ ಗಳಿಸುವುದಿಲ್ಲ. ಬ್ಯಾಂಕ್ ಖಾತೆಗೆ ಫೋನ್ ನಂಬರ್ ಬೇಕು, ಫೋನಿಗೆ ಬ್ಯಾಂಕ್ ಖಾತೆ ಬೇಕು, ಎರಡಕ್ಕೂ ವಿಳಾಸ ಬೇಕು. ಕಾಗದಕ್ಕೆಲ್ಲ ಹಾಂಕೊ ಮುದ್ರೆ ಒತ್ತುವ ಪದ್ಧತಿ ಸಾಕೆಂದು 2020ರಲ್ಲಿ ಸಚಿವ ಕೋನೊ ತಾರೊ ಸಮರ ಸಾರಿದರು. ಸರ್ಕಾರಕ್ಕೆ ಫ್ಲಾಪಿ ಡಿಸ್ಕಿನಲ್ಲಿ ದಾಖಲೆ ಕೊಡಬೇಕೆಂಬ ನಿಯಮಗಳು ಬಹುತೇಕ ತೊಲಗಿದ್ದು 2024ರಲ್ಲಿ. ಬುಲೆಟ್ ರೈಲಿನ ದೇಶದಲ್ಲಿ ಫ್ಯಾಕ್ಸ್ ಯಂತ್ರ ಇನ್ನೂ ಗುರುಗುಟ್ಟುತ್ತಿದೆ.

ಕನ್ನಡಿಗರಿಗೆ ಇದರ ಮೇಲೊಂದು ವಿಶೇಷ ಪಜೀತಿ. ಜಪಾನಿನ ಅರ್ಜಿಯಲ್ಲಿ ಮೊದಲು ಮನೆತನದ ಹೆಸರು, ಆಮೇಲೆ ಸ್ವಂತ ಹೆಸರು, ಎರಡೂ ಇರಲೇಬೇಕು. ನಮ್ಮ ಪಾಸ್‌ಪೋರ್ಟಿನಲ್ಲೋ ಇನಿಷಿಯಲ್ ಬಿಡಿಸಿ ಬರೆದಾಗ ಆ ಜಾಗಕ್ಕೆ ಅಪ್ಪನ ಹೆಸರು ಬಂದಿರುತ್ತದೆ, ಇಲ್ಲವೇ ಊರಿನದು. ಕಚೇರಿಯಲ್ಲಿ ಎಲ್ಲರನ್ನೂ ಮನೆತನದ ಹೆಸರಿಗೆ 'ಸಾನ್' ಸೇರಿಸಿ ಕರೆಯುವುದು ವಾಡಿಕೆ. ಹೀಗಾಗಿ ಎಂಜಿನಿಯರ್ ಮಗ ವರ್ಷಗಟ್ಟಲೆ 'ರಾಮಪ್ಪ-ಸಾನ್' ಎಂದೋ 'ಹೊಸಹಳ್ಳಿ-ಸಾನ್' ಎಂದೋ ಕರೆಸಿಕೊಂಡು ಓಗೊಡುತ್ತಾನೆ. ಊರಲ್ಲಿರುವ ರಾಮಪ್ಪನವರಿಗೆ ಮಾತ್ರ ಇದರ ಸುಳಿವಿಲ್ಲ.

ಸಸ್ಯಾಹಾರಿಗಳ ಕಥೆ ಇನ್ನೂ ಕಷ್ಟದ್ದು. ಬೌದ್ಧ ದೇಗುಲಗಳಲ್ಲಿ ಶೋಜಿನ್ ಎಂಬ ಅಪ್ಪಟ ಸಸ್ಯಾಹಾರದ ಪರಂಪರೆ ಶತಮಾನಗಳಿಂದ ಇದೆ. ಆದರೆ ಹೋಟೆಲಿನ ಸಾರು, ಪಲ್ಯ, ನೂಡಲ್ಸ್, ತೋಫುವಿನ ಖಾದ್ಯ ಹೆಚ್ಚಿನವುಗಳ ಬುಡದಲ್ಲಿ ದಾಶಿ ಇರುತ್ತದೆ. ಒಣಗಿಸಿ ಹೆರೆದ ಕತ್ಸುವೊ ಮೀನನ್ನು ಕುದಿಸಿ ತೆಗೆದ ರಸ ಅದು. 'ಮಾಂಸ ಇಲ್ಲ' ಎಂದು ಮಾಣಿ ಹೇಳುವುದು ಸುಳ್ಳಲ್ಲ. ಮೀನನ್ನು ಆತ ಮಾಂಸದ ಲೆಕ್ಕಕ್ಕೆ ಹಿಡಿದಿಲ್ಲ, ರಸವನ್ನಂತೂ ಹಿಡಿದೇ ಇಲ್ಲ. ಅಂಗಡಿಯ ಸಾರಿನ ಮಸಾಲೆ ಬಿಲ್ಲೆಯಲ್ಲಿ ಪ್ರಾಣಿ ಕೊಬ್ಬು, ಚಿಪ್ಸಿನಲ್ಲಿ ಕೋಳಿ ರಸದ ಪುಡಿ. ಚೀಟಿ ಓದಲು ಕಲಿತವರಷ್ಟೇ ಬಚಾವು. ಟೋಕಿಯೊದ ಶಿನ್-ಒಕುಬೊ ಬಡಾವಣೆಯ ಮಸಾಲೆ ಅಂಗಡಿಗಳಲ್ಲಿ ತೊಗರಿಬೇಳೆ, ಸಾಸಿವೆ ಸಿಗುತ್ತವೆ; ಹಸಿ ಕರಿಬೇವು ಸಿಕ್ಕ ದಿನ ಹಬ್ಬ. ಭಾರತದ ಅಡುಗೆಗೆ ಅಲ್ಲಿ ಹಳೆಯ ಗೌರವವೂ ಉಂಟು. ಬ್ರಿಟಿಷರಿಂದ ತಪ್ಪಿಸಿಕೊಂಡು 1915ರಲ್ಲಿ ಜಪಾನಿಗೆ ಬಂದ ಕ್ರಾಂತಿಕಾರಿ ರಾಸ್ ಬಿಹಾರಿ ಬೋಸ್ ಅವರನ್ನು ಶಿಂಜುಕುವಿನ ನಾಕಾಮುರಾಯ ಬೇಕರಿಯ ಕುಟುಂಬ ಅಡಗಿಸಿಟ್ಟಿತ್ತು. ಮುಂದೆ ಅವರು ಆ ಮನೆಯ ಅಳಿಯನೂ ಆದರು. 1927ರಲ್ಲಿ ಅಲ್ಲಿ ಶುರುವಾದ ಅವರ ಕೋಳಿ ಸಾರು ಇವತ್ತಿಗೂ ಆ ಹೋಟೆಲಿನ ಹೆಸರುವಾಸಿ ತಿನಿಸು.

ಯಾವ ವಿದೇಶಿ?

ಜಪಾನಿನ ಬೇಕು-ಬೇಡಗಳನ್ನು ಪಟ್ಟಿ ಮಾಡಿ ಹೇಳುವವರು ಹೆಚ್ಚಾಗಿ ಇಂಗ್ಲಿಷ್ ಮೇಷ್ಟರು, ಐಟಿಯವರು, ಬ್ಯಾಂಕಿನವರು. ಬಾಸ್ ಏಳುವ ತನಕ ಕುರ್ಚಿ ಬಿಡದ ಆಫೀಸು, ಸಂಜೆಯ ಬಲವಂತದ ಕುಡಿತ, ಒಂದು ತೀರ್ಮಾನಕ್ಕೆ ಹತ್ತು ಮೀಟಿಂಗು – ಅವರ ದೂರುಗಳು ಇಂಥವು, ನಿಜವೂ ಹೌದು. 2024ರ ಕೊನೆಗೆ ಜಪಾನಿನಲ್ಲಿದ್ದ ವಿದೇಶಿ ನಿವಾಸಿಗಳು ಸುಮಾರು 37.7 ಲಕ್ಷ. ಚೀನೀಯರು, ವಿಯೆಟ್ನಾಮಿಗಳು, ಕೊರಿಯನ್ನರು, ಫಿಲಿಪ್ಪೀನ್ಸ್ ಮತ್ತು ನೇಪಾಳದವರೇ ಮುಂದೆ. ಇವರಲ್ಲಿ ಬಹಳಷ್ಟು ಜನರ ಮಾತು ಪಟ್ಟಿಯವರೆಗೆ ಬರುವುದೇ ಇಲ್ಲ.

'ತಾಂತ್ರಿಕ ತರಬೇತಿ'ಯ ಹೆಸರಲ್ಲಿ 1993ರಿಂದ ನಡೆದುಬಂದ ಯೋಜನೆಯನ್ನೇ ನೋಡಿ. ಕೌಶಲ ಕಲಿಸಿ ಊರಿಗೆ ಕಳಿಸುವುದು ಕಾಗದದ ಮೇಲಿನ ಉದ್ದೇಶ. ನಡೆದದ್ದು ಸಿಂಪಿ ಸುಲಿಯಲು, ಎಲೆಕೋಸು ಕೀಳಲು, ಬಟ್ಟೆ ಹೊಲಿಯಲು ಅಗ್ಗದ ಆಳುಗಳ ಸರಬರಾಜು. ದಲ್ಲಾಳಿಗೆ ಸಾಲ ಮಾಡಿ ಕೊಟ್ಟು ಬಂದವರು ಮಾಲೀಕ ಎಷ್ಟೇ ಕೆಟ್ಟವನಾದರೂ ಕೆಲಸ ಬದಲಿಸುವಂತಿರಲಿಲ್ಲ. ಹೀಗಾಗಿ 2023 ಒಂದೇ ವರ್ಷದಲ್ಲಿ 9,700ಕ್ಕೂ ಹೆಚ್ಚು ಮಂದಿ ಕೆಲಸದ ಜಾಗದಿಂದ ಕಣ್ಮರೆಯಾದರು. ಯೋಜನೆಯನ್ನು ಕೈಬಿಡುವ ಕಾನೂನು 2024ರಲ್ಲಿ ಅಂಗೀಕಾರವಾಗಿದೆ. ಒಂದೆರಡು ವರ್ಷದ ಬಳಿಕ ಮಾಲೀಕರನ್ನು ಬದಲಿಸಲು ಬಿಡುವ ಹೊಸ ಪದ್ಧತಿ ಬರುವುದು 2027ಕ್ಕೆ. ಈ ಹುಡುಗರ ಮುಂದೆ ರೇಯ್ಕಿನ್ನಿನ ಗೋಳು ಸ್ವಲ್ಪ ನಾಚಿಕೆಯ ವಿಷಯವೇ.

ಮುಖ ನೋಡುವ ಚಟ ಎಲ್ಲಿಗೆ ಮುಟ್ಟಬಲ್ಲದು ಎನ್ನುವುದಕ್ಕೆ ಒತಾರು ಊರಿನ ಪ್ರಕರಣ ಸಾಕ್ಷಿ. ಹೊಕ್ಕೈಡೊದ ಈ ಬಂದರಿನ ಬಿಸಿನೀರಿನ ಸ್ನಾನಗೃಹವೊಂದು ವಿದೇಶಿಯರಿಗೆ ಪ್ರವೇಶವಿಲ್ಲ ಎಂದು ಫಲಕ ಹಾಕಿತ್ತು. ಅಮೆರಿಕ ಮೂಲದ ಒಬ್ಬರು ಜಪಾನಿನ ಪೌರತ್ವ ಪಡೆದು, ಅದರ ಕಾಗದ ಹಿಡಿದು ಹೋದರೂ ಒಳಗೆ ಬಿಡಲಿಲ್ಲ; ಪ್ರಜೆಯಾದರೇನು, ಕಾಣುವುದು ವಿದೇಶಿಯಂತೆಯೇ ಅಲ್ಲವೇ ಎಂಬ ವಾದ. 2002ರಲ್ಲಿ ಸಪ್ಪೊರೊ ಜಿಲ್ಲಾ ನ್ಯಾಯಾಲಯ ಮೂವರು ದೂರುದಾರರಿಗೆ ತಲಾ 10 ಲಕ್ಷ ಯೆನ್ ಪರಿಹಾರ ಕೊಡಿಸಿತು. ಆದರೆ ಇಂಥ ಭೇದಭಾವವನ್ನು ದಂಡನೀಯವಾಗಿಸುವ ರಾಷ್ಟ್ರೀಯ ಕಾನೂನು ಇನ್ನೂ ಬಂದಿಲ್ಲ. ಬೀದಿಯಲ್ಲಿ ತಡೆದು ಗುರುತಿನ ಕಾರ್ಡು ಕೇಳುವ ಪೊಲೀಸರ ವಿರುದ್ಧ 2024ರ ಜನವರಿಯಲ್ಲಿ ವಿದೇಶ ಮೂಲದ ಮೂವರು ಟೋಕಿಯೊ ನ್ಯಾಯಾಲಯದ ಮೆಟ್ಟಿಲೇರಿದರು. ಅವರಲ್ಲೊಬ್ಬರು ಪಾಕಿಸ್ತಾನ ಮೂಲದ ಜಪಾನಿ ಪ್ರಜೆ.

ಹಾಗಾದರೆ ಮನುಷ್ಯರೆಲ್ಲ ಕೆಟ್ಟವರೋ? ಅಲ್ಲವೇ ಅಲ್ಲ, ನನ್ನ ವಾದ ಸ್ವಲ್ಪ ತತ್ತರಿಸುವುದೇ ಇಲ್ಲಿ. ಕಸದ ವಿಷಯದಲ್ಲಿ ಗುರ್ರೆಂದ ಪಕ್ಕದ ಮನೆಯ ಅಜ್ಜಿಯೇ ಮುಂದಿನ ವಾರ ಕಾಕಿ ಹಣ್ಣಿನ ಚೀಲ ಬಾಗಿಲಿಗೆ ತೂಗುಹಾಕಿ ಹೋಗುತ್ತಾಳೆ. ದಾರಿ ಕೇಳಿದರೆ ಜತೆಗೇ ನಡೆದು ಬಂದು ಬಿಟ್ಟು ಹೋಗುವವರಿದ್ದಾರೆ. 2011ರ ಭೂಕಂಪ, ಸುನಾಮಿ, ಫುಕುಶಿಮಾ ದುರಂತದ ಬಳಿಕ ಸಾವಿರಾರು ವಿದೇಶಿಯರು ವಿಮಾನ ಹತ್ತಿದರು. ಅಮೆರಿಕದ ವಿದ್ವಾಂಸ ಡೊನಾಲ್ಡ್ ಕೀನ್ ಅದೇ ಹೊತ್ತಿಗೆ ಜಪಾನಿಗೆ ಬಂದು ನೆಲೆಸುವುದಾಗಿ ಹೇಳಿ, 2012ರಲ್ಲಿ, 89ರ ವಯಸ್ಸಿನಲ್ಲಿ ಅಲ್ಲಿನ ಪ್ರಜೆಯಾದರು. ಈ ಜನರ ಜತೆಗೇ ಇರಬೇಕು ಎನಿಸಿತ್ತು ಅವರಿಗೆ.

ಕೋವಿಡ್ ಕಾಲದ ಗಾಯ ಮಾತ್ರ ಹಲವರಲ್ಲಿ ಇನ್ನೂ ಮಾಗಿಲ್ಲ. 2020ರ ಏಪ್ರಿಲಿನಿಂದ ಕೆಲವು ತಿಂಗಳು, ಹೊರದೇಶಕ್ಕೆ ಹೋಗಿದ್ದ ಜಪಾನಿ ಪ್ರಜೆ ವಾಪಸ್ ಬರಬಹುದಿತ್ತು. ಹತ್ತಾರು ವರ್ಷ ತೆರಿಗೆ ಕಟ್ಟಿ ಕಾಯಂ ವಾಸದ ಅನುಮತಿ ಪಡೆದ ವಿದೇಶಿಗೆ ಬಾಗಿಲು ಮುಚ್ಚಿತ್ತು. ತಂದೆಯ ಅಂತ್ಯಕ್ರಿಯೆಗೆ ಹೋದರೆ ಹೆಂಡತಿ-ಮಕ್ಕಳಿರುವ ಮನೆಗೆ ಮರಳುವ ಖಾತ್ರಿಯಿರಲಿಲ್ಲ. ವೈರಾಣುವಿಗೆ ಪಾಸ್‌ಪೋರ್ಟ್ ಓದಲು ಬರುವುದಿಲ್ಲ ಎಂದು ಆಗ ಎಷ್ಟೋ ಜನ ಸಿಟ್ಟಿಗೆದ್ದಿದ್ದರು. ಇಲ್ಲಿ ಮುಖ ನೋಡಿದ್ದು ಮಾಲೀಕನಲ್ಲ, ಸರ್ಕಾರವೇ.

2025ರ ಜುಲೈನ ಮೇಲ್ಮನೆ ಚುನಾವಣೆಯಲ್ಲಿ 'ಜಪಾನಿಯರೇ ಮೊದಲು' ಎಂದ ಸಾನ್‌ಸೇಯ್ತೊ ಪಕ್ಷ 14 ಸ್ಥಾನ ಗೆದ್ದಿತು. ಯಾರ ಬಗ್ಗೆ ಅಷ್ಟೊಂದು ಭಾಷಣಗಳಾದವೋ ಅವರಿಗೆ ಮತವಿಲ್ಲ. ಕಾಯಂ ನಿವಾಸಿಗಳಿಗೆ ಪಂಚಾಯಿತಿ ಮಟ್ಟದ ಚುನಾವಣೆಯಲ್ಲೂ ಇಲ್ಲ. ನಿಶಿ-ಕಸಾಯ್ ಇರುವ ಎದೊಗಾವಾ ವಾರ್ಡಿನ ಸಭೆಗೆ 2019ರಲ್ಲಿ ಆಯ್ಕೆಯಾದ ಭಾರತ ಮೂಲದ ಪುರಾಣಿಕ್ ಯೋಗೇಂದ್ರ ಅವರು ಅದಕ್ಕೂ ಮೊದಲೇ ಜಪಾನಿ ಪ್ರಜೆಯಾಗಿದ್ದರು. ಜಪಾನಾಗಲಿ ಭಾರತವಾಗಲಿ ಎರಡು ಪೌರತ್ವ ಒಪ್ಪುವುದಿಲ್ಲ, ಹಾಗಾಗಿ ಹೆಚ್ಚಿನವರು ಆ ಹೆಜ್ಜೆ ಇಡುವುದಿಲ್ಲ. ಪೌರತ್ವ ಬರುವುದು ರಕ್ತದಿಂದ, ಹುಟ್ಟಿದ ನೆಲದಿಂದಲ್ಲ. ಕನ್ನಡದ ಅಪ್ಪ-ಅಮ್ಮನಿಗೆ ಟೋಕಿಯೊದಲ್ಲಿ ಹುಟ್ಟಿ, ಅಲ್ಲಿನ ಶಾಲೆಯ ನೆಲ ಒರೆಸಿ, ಕನ್ನಡಕ್ಕಿಂತ ಜಪಾನಿಯನ್ನೇ ಚೆನ್ನಾಗಿ ಮಾತಾಡುವ ಮಗುವೂ ಕಾನೂನಿನ ಕಣ್ಣಿಗೆ ವಿದೇಶಿಯೇ. ಹದಿನಾರು ತುಂಬಿದ ಮೇಲೆ ಅದು ಪಕ್ಕದ ಅಂಗಡಿಗೆ ಸೈಕಲ್ ತುಳಿದರೂ ನಿವಾಸಿ ಕಾರ್ಡು ಜೇಬಿನಲ್ಲಿರಬೇಕು. ಮರೆತು ಸಿಕ್ಕಿಬಿದ್ದರೆ ಎರಡು ಲಕ್ಷ ಯೆನ್‌ವರೆಗೆ ದಂಡ.